ಮನೆಯೊಳಗಿನ ಸಸಿಗೆ ನೀರುಣಿಸುವ ಬಗೆ



ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಸಸಿಗಳಿಗೆ ನೀರು ಹಾಕುವ ವಿಷಯವಾಗಿ ಮಾತನಾಡಲು ಕುಳಿತರೆ, ‘ಇವರಿಗೆ ಹಳಗನ್ನಡ ಸಾಕಾಯಿತೇ?’ ಎಂದು ನೀವು ಕೇಳುವುದು ಸಹಜ. ಸಾಕಾಗಿಲ್ಲ. ಆದರೆ ಹಳಗನ್ನಡದಷ್ಟೇ ಕಠಿಣವಾದ ಇನ್ನೊಂದು ವಿಷಯ ಈ ಲೋಕದಲ್ಲಿದೆಯೆಂಬುದು ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನಗೆ ತಿಳಿಯಿತು. ಬಯಲಿನ ಗಿಡಕ್ಕೆ ಮಳೆಯಿದೆ, ಇಬ್ಬನಿಯಿದೆ, ಆಳಕ್ಕಿಳಿದ ಬೇರಿದೆ. ಮನೆಯೊಳಗೆ ಅಂಗೈಯಗಲದ ಮಣ್ಣಿನಲ್ಲಿ ಮೊಳೆತ ಸಸಿಗೆ ನಾವಲ್ಲದೆ ಬೇರೆ ಗತಿಯಿಲ್ಲ. ನಮ್ಮ ಕೈ ತುಸು ಹೆಚ್ಚಾದರೆ ಅದು ಕೊಳೆಯುತ್ತದೆ. ತುಸು ಕಡಿಮೆಯಾದರೆ ಒಣಗುತ್ತದೆ.

ನಿವೃತ್ತಿಯ ಮೊದಲ ವರ್ಷ, ಹೊತ್ತು ಕಳೆಯಲೆಂದು, ಪಡಸಾಲೆಯ ಕಿಟಕಿಯ ಬಳಿ ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿಗಳನ್ನು ಬೆಳೆಸಲು ಹೊರಟೆ. ಈಗ ನಮ್ಮ ಭಾಗದಲ್ಲಿ ಕಬ್ಬಿನ ಕಣ್ಣನ್ನು ಸಹ ಟ್ರೇಗಳಲ್ಲಿ ಊರಿ ಸಸಿ ಮಾಡುತ್ತಾರೆ. ಅಂಥದೇ, ಆದರೆ ತರಕಾರಿಗೆಂದು ಮಾಡಿದ, ತೊಂಬತ್ತೆಂಟು ಗುಳಿಗಳ ಟ್ರೇ ಒಂದನ್ನು ತಂದು, ಗುಳಿಗೊಂದು ಬೀಜ ಹಾಕಿ, ದಿನಾಲು ಬೆಳಿಗ್ಗೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದೆ. ಎಲ್ಲ ಗುಳಿಗೂ ಸಮನಾಗಿ ಹೊಯ್ಯಬೇಕೆಂಬ ನಿಷ್ಠೆ ನನ್ನದು. ಕೊನೆಗೊಂದು ಚಮಚವನ್ನೇ ಹಿಡಿದು, ಗುಳಿಗಿಷ್ಟು ಚಮಚವೆಂದು ಅಳೆದು ಹಾಕಿದೆ. ಮೂರನೆಯ ವಾರಕ್ಕೆ ನಡುವಿನ ಗುಳಿಗಳ ಸಸಿಗಳು ಬುಡದಲ್ಲಿ ನೂಲಿನಂತೆ ತೆಳುವಾಗಿ ಮಗ್ಗುಲಿಗೆ ಒರಗಿದವು. ಇದಕ್ಕೆ ಸಸಿ ಕೊಳೆ ರೋಗವೆಂದು ಹೆಸರು. ಅದೇ ಹೊತ್ತಿಗೆ ಕಿಟಕಿಯ ಕಡೆಯ ಅಂಚಿನ ಗುಳಿಗಳಲ್ಲಿ ಮಣ್ಣು ಒಣಗಿ, ಗೋಡೆ ಬಿಟ್ಟು, ಸಸಿಗಳು ಮುರುಟಿಕೊಂಡವು. ಅಳೆದು ಹಾಕಿದ ನೀರು ಒಂದೇ. ಅಂಚಿಗೆ ಗಾಳಿ ತಗಲುತ್ತದೆ, ಬಿಸಿಲು ತಗಲುತ್ತದೆ, ಅಲ್ಲಿ ಬೇಗ ಆರುತ್ತದೆ. ನಡುವಿನದು ತನ್ನ ನೆರೆಹೊರೆಯ ತೇವದಲ್ಲಿ ಮುಳುಗಿಯೇ ಇರುತ್ತದೆ.

ಆ ಟ್ರೇಯನ್ನು ನೋಡುತ್ತ ನಿಂತಾಗ ನನಗೆ ನಮ್ಮ ಸೀಮೆಯ ನಕ್ಷೆಯೇ ಕಂಡಂತಾಯಿತು. ಪಶ್ಚಿಮಕ್ಕೆ ನಿಪ್ಪಾಣಿ, ಅಲ್ಲಿ ವೇದಗಂಗೆ, ದೂಧಗಂಗೆಯರ ಆಸರೆ, ಸಹ್ಯಾದ್ರಿಯ ಕಡೆಯಿಂದ ಬರುವ ಮಳೆ. ನಡುವೆ ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕೃಷ್ಣೆಯ ದಂಡೆ. ಅಲ್ಲಿ ಕಬ್ಬಿಗೆ ಮಿತಿಯಿಲ್ಲದೆ ನೀರು ಬಿಟ್ಟು ಎಷ್ಟೋ ಹೊಲಗಳು ಸವಳು-ಜವಳು ಹಿಡಿದು ಕುಳಿತಿವೆ. ಪೂರ್ವಕ್ಕೆ ಅಥಣಿ ತಾಲೂಕಿನ ತೆಲಸಂಗದ ಕಡೆಗೆ ಹೋದರೆ ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುವ ಒಣ ನೆಲ. 2005ರಲ್ಲಿ, 2019ರಲ್ಲಿ ಕೃಷ್ಣೆ ಉಕ್ಕಿ ದಂಡೆಯ ಊರುಗಳು ಮುಳುಗಿದವು. ಅದೇ ತಾಲೂಕುಗಳ ಅಂಚು ಬರವನ್ನೂ ಕಂಡಿದೆ. ನನ್ನ ಎರಡು ಗೇಣಿನ ಟ್ರೇಯಲ್ಲಿಯೂ ಅದೇ ಕಥೆ: ಒಂದು ಅಂಗುಲದಲ್ಲಿ ಜವಳು, ಮುಂದಿನ ಅಂಗುಲದಲ್ಲಿ ಬರ.

ಒಳಗಿನಿಂದ ನಮ್ಮ ಮನೆಯವರು ಬಂದು ನೋಡಿ ನಕ್ಕರು. “ನೀವು ಅದಕ್ಕ ನೀರು ಹಾಕ್ತೀರಿ. ಸಸಿಗೆ ನೀರು ಹಾಕಬಾರದ್ರಿ, ಕುಡಸಬೇಕು. ಹಾಕೂದು ಬ್ಯಾರೆ, ಕುಡಸೂದು ಬ್ಯಾರೆ,” ಎಂದರು. ನಾನು ಅದನ್ನು ಒಂದು ಚಂದದ ಮಾತು ಎಂದುಕೊಂಡೆನೇ ಹೊರತು, ಕುಡಿಸುವುದು ಹೇಗೆ ಎಂದು ಕೇಳಲಿಲ್ಲ. ಮಾತಿನ ಚೆಲುವನ್ನು ಮೆಚ್ಚಿ ಅದರ ಅರ್ಥವನ್ನು ಅಲ್ಲಿಯೇ ಬಿಟ್ಟು ಬರುವುದು ಸಾಹಿತ್ಯದ ಅಧ್ಯಾಪಕರಿಗೆ ಅಂಟುವ ರೋಗ.

ಅವರಿಗೆ ಹಾಗೆ ಹೇಳುವ ಅಧಿಕಾರವಿತ್ತು. ಪ್ರತಿ ವರ್ಷ ನವರಾತ್ರಿಯಲ್ಲಿ ಮನೆಯೊಳಗೆ ಸಸಿ ಬೆಳೆಸುತ್ತಿದ್ದವರು ಅವರೇ. ನಮ್ಮ ಕಡೆಯ ಮನೆಗಳಲ್ಲಿ ಘಟ ಹಾಕುವ ಪದ್ಧತಿ ನಿಮಗೆಲ್ಲ ಗೊತ್ತು. ಮಹಾಲಯ ಅಮಾವಾಸ್ಯೆಯ ಮರುದಿನ, ಹೊಲದಿಂದ ತಂದ ಕಪ್ಪು ಮಣ್ಣನ್ನು ಪತ್ರಾವಳಿಯ ಮೇಲೋ ಬುಟ್ಟಿಯಲ್ಲೋ ಹರಡಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆಯನ್ನು ಊರುತ್ತಾರೆ. ಸುತ್ತಲಿನ ಮಣ್ಣಿನಲ್ಲಿ ಗೋಧಿ, ಜೋಳ, ಕಡಲೆ, ಹೆಸರು ಮೊದಲಾದ ಧಾನ್ಯಗಳನ್ನು ಬಿತ್ತುತ್ತಾರೆ. ಗಡಿಗೆಯ ಬಾಯಿಗೆ ಎಲೆ, ತೆಂಗಿನಕಾಯಿ; ಮೇಲಿನಿಂದ ಇಳಿಬಿಟ್ಟ ಹೂಮಾಲೆ; ಎದುರಿಗೆ ಒಂಬತ್ತು ದಿನ ಆರದಂತೆ ಕಾಯುವ ನಂದಾದೀಪ. ದಸರೆಯ ಹೊತ್ತಿಗೆ ಗೇಣುದ್ದದ ಸಸಿ ಎದ್ದಿರುತ್ತದೆ. ದೇವರ ಮನೆಯ ಮಬ್ಬಿನಲ್ಲಿ ಬೆಳೆದುದರಿಂದ ಅದಕ್ಕೆ ಹಸಿರು ಏರಿರುವುದಿಲ್ಲ, ಹಳದಿಯಾಗಿರುತ್ತದೆ. ಅದನ್ನೇ ಕಿವಿಯ ಮೇಲೆ, ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಂಡು ಬನ್ನಿ ಕೊಡಲು ಹೊರಡುತ್ತೇವೆ. ಹಿಂಗಾರಿಯ ಬಿತ್ತನೆಗೆ ಮುನ್ನ ಬರುವ ಹಬ್ಬವಿದು. ಮನೆಯ ಬೀಜದ ಹುರುಪು ಎಷ್ಟಿದೆಯೆಂಬುದು ಘಟದಲ್ಲಿಯೇ ಒಕ್ಕಲಿಗನಿಗೆ ಕಾಣುತ್ತಿದ್ದಿರಬೇಕು. ಇಷ್ಟು ವರ್ಷ ಆ ಸಸಿಯನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಂಡವನು ನಾನು. ಅದು ಹೇಗೆ ಬೆಳೆಯಿತೆಂದು ಒಮ್ಮೆಯೂ ಬಗ್ಗಿ ನೋಡಿದವನಲ್ಲ.

ಕೆಲವು ವರ್ಷಗಳ ಹಿಂದೆ, ಶ್ರಾವಣದಲ್ಲಿ, ಅವರು ತೀರಿಕೊಂಡರು. ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷ ಘಟ ಹಾಕುವವರಾರು ಎಂಬ ಪ್ರಶ್ನೆ ಬಂದಾಗ ಸೊಸೆ ನೌಕರಿಯ ಮೇಲೆ ಬೇರೆ ಊರಿನಲ್ಲಿದ್ದಳು. ಹಬ್ಬಕ್ಕೆ ದಸರೆಯ ದಿನವಷ್ಟೇ ಬರುವವಳಿದ್ದಳು. ನಾನೇ ಹಾಕುತ್ತೇನೆಂದೆ. ಪೇಟೆಗೆ ಹೋಗಿ ಬಣ್ಣ ಬಳಿದು ಬಳ್ಳಿ ಬಿಡಿಸಿದ್ದ ಒಂದು ಗಡಿಗೆಯನ್ನು ತಂದೆ. ಮಣ್ಣು ಹರಡಿದೆ, ಬೀಜ ಬಿತ್ತಿದೆ, ಗಡಿಗೆಗೆ ಕಂಠದವರೆಗೆ ನೀರು ತುಂಬಿದೆ. ಮೂರು ದಿನವಾದರೂ ಗಡಿಗೆಯ ನೀರು ಇಳಿಯಲಿಲ್ಲ, ಮಣ್ಣು ಒಣಗತೊಡಗಿತು. ಗಾಬರಿಯಾಗಿ ತಂಬಿಗೆಯಿಂದ ಮೇಲೆ ನೀರು ಹೊಯ್ದೆ. ಒಂದು ಮಗ್ಗುಲಿನ ಬೀಜ ತೇಲಿ ಮೂಲೆಗೆ ಹೋಯಿತು. ಅಲ್ಲಿಯೇ ಕೊಳೆತು ನಾರಿತು. ಇನ್ನೊಂದು ಮಗ್ಗುಲು ಮೊಳೆಯಲೇ ಇಲ್ಲ. ದಸರೆಯ ದಿನ ಬಂದ ಮೊಮ್ಮಗಳು ದೇವರ ಮನೆಯ ಬಾಗಿಲಲ್ಲಿ ನಿಂತು, “ಅಜ್ಜಾ, ಈ ಸಲ ಘಟಾ ಯಾಕ ಬೋಳಾಗೇತಿ?” ಎಂದು ಕೇಳಿದಳು. ಎಂಟು ವರ್ಷದ ಮಗು, ತಿಳಿಯದೆ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಹೆಂಡತಿ ಇಲ್ಲವೆಂಬುದು ಅಂದು ಇನ್ನೊಮ್ಮೆ, ಬೇರೊಂದು ಬಗೆಯಲ್ಲಿ, ನನಗೆ ಗೊತ್ತಾಯಿತು.

ಮುಂದಿನ ನವರಾತ್ರಿಗೆ ಮುನ್ನ ನಾನು ಪೇಟೆಯ ಅಂಗಡಿಗೆ ಹೋಗಲಿಲ್ಲ. ಗಡಿಗೆ ಮಾಡುವವರನ್ನೇ ಹುಡುಕಿಕೊಂಡು ಹೋದೆ. ಅಲ್ಲಿದ್ದ ಮುದುಕಿಗೆ ನನ್ನ ಫಜೀತಿಯನ್ನು ಹೇಳಿದೆ. ಆಕೆ ಹೇಳಿದ್ದಿಷ್ಟು: “ಮಾಸ್ತರ್ರ, ಬಣ್ಣಾ ಹಚ್ಚಿದ್ದು ನೋಡಾಕ ಚಂದರಿ, ಆದರ ಅದು ಬೆವರೂದಿಲ್ಲ. ಘಟಕ್ಕ ಬೆವರೂ ಗಡಿಗಿ ಬೇಕು. ಮನ್ಯಾಗಿನ ಬಾಯಾರ ಪ್ರತಿ ವರ್ಷ ಬಂದು ನೀರು ತುಂಬಿಸಿ, ತಾಸೊತ್ತು ಇಲ್ಲೇ ಕುಂತು, ಹೊರಗ ಪಸೆ ಬಂತೋ ಇಲ್ಲೋ ಅಂತ ಮುಟ್ಟಿ ನೋಡಿ ಒಯ್ತಿದ್ರು.” ನನ್ನ ಹೆಂಡತಿ ಒಂದು ಗಡಿಗೆಗಾಗಿ ಒಂದು ತಾಸು ಕುಳಿತಿರುತ್ತಿದ್ದಳೆಂಬುದನ್ನು ನಾನು ತಿಳಿದದ್ದು ಹೀಗೆ. ನಾನೂ ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತೆ. ಒಂದು ಗಡಿಗೆ ಬೇಗ ತೊಯ್ದು ಹನಿಯಿಡತೊಡಗಿತು. ಅದು ಬೇಡವೆಂದು ಆಕೆಯೇ ಬದಿಗಿಟ್ಟಳು. ಇನ್ನೊಂದರ ಮೈ ನಿಧಾನವಾಗಿ ಕಪ್ಪೇರಿ ತಣ್ಣಗಾಯಿತು. ಅದನ್ನು ತಂದೆ.

ಆ ವರ್ಷ ಒಂಬತ್ತು ದಿನವೂ ನಾನು ದೇವರ ಮನೆಯಲ್ಲಿ ಪೂಜೆಗಿಂತ ಹೆಚ್ಚು ಹೊತ್ತು ನೋಡುತ್ತ ಕುಳಿತೆ. ಗಡಿಗೆಯ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಹೊರಗಿನ ಮಣ್ಣು ಒಣಗಿದಾಗ ಅದು ಗಡಿಗೆಯ ಗೋಡೆಯ ಮೂಲಕ ನೀರನ್ನು ಸೆಳೆದುಕೊಳ್ಳುತ್ತದೆ. ಮಣ್ಣು ತೇವವಾದಾಗ ಸೆಳೆತ ಕುಗ್ಗಿ, ನೀರು ಬರುವುದು ತಾನಾಗಿಯೇ ಕಡಿಮೆಯಾಗುತ್ತದೆ. ಬಾಯಾರಿದಾಗ ಕೊಡುತ್ತದೆ, ತಣಿದಾಗ ಕೈ ಹಿಡಿಯುತ್ತದೆ. ಬಣ್ಣ ಬಳಿದರೆ ಆ ರಂಧ್ರಗಳು ಮುಚ್ಚಿಹೋಗುತ್ತವೆ. ಎದುರಿಗೇ ನಂದಾದೀಪವಿತ್ತು. ಯಾರೂ ದೀಪದ ಎಣ್ಣೆಯನ್ನು ಜ್ವಾಲೆಯ ಮೇಲೆ ಸುರಿಯುವುದಿಲ್ಲ. ಕೆಳಗೆ ಹಣತೆಯಲ್ಲಿ ತುಂಬಿಡುತ್ತೇವೆ. ಬತ್ತಿಯ ಎಳೆಗಳ ಸಂದಿಯಲ್ಲಿ ಎಣ್ಣೆ ತಾನೇ ಮೇಲೇರಿ, ಉರಿಯುವಷ್ಟೇ ಉರಿಯುತ್ತದೆ. ಗಡಿಗೆಯ ಗೋಡೆಯಲ್ಲಿಯೂ ದೀಪದ ಬತ್ತಿಯಲ್ಲಿಯೂ ಇರುವ ತತ್ತ್ವ ಒಂದೇ. ಒಂದೇ ಕೋಣೆಯಲ್ಲಿ ಎದುರುಬದುರಾಗಿ ಕುಳಿತ ಈ ಇಬ್ಬರು ಗುರುಗಳನ್ನು ಬಿಟ್ಟು ನಾನು ಚಮಚದಿಂದ ಅಳೆಯಲು ಹೋಗಿದ್ದೆ.

ಇದು ನಮ್ಮ ದೇವರ ಮನೆಯ ಗುಟ್ಟು ಮಾತ್ರವಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನದ ಫಾನ್ ಷೆಂಗ್‌ಝಿ ಎಂಬಾತನ ಕೃಷಿಗ್ರಂಥದಲ್ಲಿ, ನೀರು ತುಂಬಿದ ಮಣ್ಣಿನ ಪಾತ್ರೆಯನ್ನು ನೆಲದಲ್ಲಿ ಹೂತು ಸುತ್ತಲೂ ಬಳ್ಳಿ ಬೆಳೆಸುವ ಕ್ರಮವಿದೆ. ನಮ್ಮ ದೇಶದಲ್ಲಿ ಹರಿಯಾಣದ ಕರ್ನಾಲ್‌ನಲ್ಲಿರುವ ಮಣ್ಣಿನ ಲವಣತೆಯ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಇದೇ ಗಡಿಗೆ ನೀರಾವರಿಯನ್ನು ಪರೀಕ್ಷಿಸಿ ನೋಡಿದರು. ಎರಡು ಸಾವಿರ ವರ್ಷದಿಂದ ಗಡಿಗೆ ಬೆವರುತ್ತಲೇ ಇದೆ.

ಇನ್ನು ಟ್ರೇಯ ಮಾತಿಗೆ ಬರೋಣ. ಘಟದಲ್ಲಿ ಕಂಡದ್ದನ್ನು ಮೆಣಸಿನ ಸಸಿಗೆ ಹೊಂದಿಸಲು ನನಗೆ ಒಂದು ಹಳೆಯ ಧೋತರ, ಒಂದು ಪರಾತ, ಒಂದು ಖಾಲಿ ಬಾಟಲಿ, ಒಂದೆರಡು ಕುಡಿಕೆ ಸಾಕಾದವು.

ಮೊದಲನೆಯ ಬಗೆ ಬತ್ತಿಯದು. ತಳಕ್ಕೆ ತೂತುಳ್ಳ ಸಣ್ಣ ಬಟ್ಟಲಿನಲ್ಲಿ ಮಣ್ಣು ತುಂಬುವ ಮುನ್ನ, ಹತ್ತಿಯ ಬಟ್ಟೆಯ ಕಿರುಬೆರಳಗಲದ ಪಟ್ಟಿಯೊಂದನ್ನು ಆ ತೂತಿನಿಂದ ತೂರಿಸಿ, ಅರ್ಧ ಮಣ್ಣಿನೊಳಗೆ, ಅರ್ಧ ಕೆಳಗಿನ ನೀರಿನ ಪಾತ್ರೆಯಲ್ಲಿ ಇರುವಂತೆ ಮಾಡಬೇಕು. ಬಟ್ಟಲು ನೀರಿಗೆ ತಾಗಬಾರದು. ಬತ್ತಿ ಮಾತ್ರ ತಾಗಬೇಕು. ಬಟ್ಟೆ ಒಗೆದು ಒಗೆದು ಮೆತ್ತಗಾದ ಹತ್ತಿಯದಿರಲಿ. ಹೊಸ ಬಟ್ಟೆಯ ಗಂಜಿ ನೀರನ್ನು ತಡೆಯುತ್ತದೆ.  ಬತ್ತಿಯನ್ನು ಮೊದಲು ತೋಯಿಸಿಯೇ ಹಾಕಬೇಕು, ಮಣ್ಣನ್ನೂ ಒಮ್ಮೆ ಹಸಿ ಮಾಡಿರಬೇಕು. ಒಣ ಬತ್ತಿ ಒಣ ಮಣ್ಣಿಗೆ ನೀರು ತರಲಾರದು.

ಎರಡನೆಯದು ಪರಾತದ್ದು, ಟ್ರೇಗೆ ಇದೇ ಅನುಕೂಲ. ಪರಾತದಲ್ಲಿ ಒಂದು ಬೆರಳ ದಪ್ಪ ನೀರು ಹಾಕಿ, ತಳದಲ್ಲಿ ತೂತುಳ್ಳ ಟ್ರೇಯನ್ನು ಅದರಲ್ಲಿಡಬೇಕು. ಕೆಳಗಿನಿಂದ ನೀರೇರಿ ಮೇಲ್ಮಣ್ಣಿನ ಬಣ್ಣ ಕಪ್ಪಾದೊಡನೆ ಎತ್ತಿ, ಸೋರಲು ಬಿಟ್ಟು, ಮತ್ತೆ ಕಿಟಕಿಗೆ ಇಡಬೇಕು. ಅಲ್ಲಿಯೇ ಮರೆತರೆ ಬೇರಿಗೆ ಗಾಳಿಯಿಲ್ಲದೆ ಕೊಳೆಯುತ್ತದೆ. ಮತ್ತೆ ಯಾವಾಗ ಇಡಬೇಕೆಂಬುದಕ್ಕೆ ಗಡಿಯಾರ ಬೇಡ. ಟ್ರೇಯನ್ನು ಕೈಯಲ್ಲೆತ್ತಿ ನೋಡಿದರೆ ಸಾಕು. ಹಸಿ ಟ್ರೇಯ ತೂಕವನ್ನೂ ಒಣ ಟ್ರೇಯ ತೂಕವನ್ನೂ ನಾಲ್ಕು ದಿನದಲ್ಲಿ ಕೈ ಕಲಿತುಕೊಳ್ಳುತ್ತದೆ. ದಿನಕ್ಕೊಮ್ಮೆ ಟ್ರೇಯ ಮುಖವನ್ನು ತಿರುಗಿಸಿಟ್ಟರೆ ಅಂಚಿನ ಕಷ್ಟವನ್ನು ಎಲ್ಲರೂ ಹಂಚಿಕೊಂಡಂತಾಗುತ್ತದೆ.

ಮೂರನೆಯದು ಕುಡಿಕೆಯದು. ಅಗಲವಾದ ಬುಟ್ಟಿಯಲ್ಲೋ ಡಬ್ಬಿಯಲ್ಲೋ ಸಸಿ ಹಾಕಿದ್ದರೆ ನಡುವೆ ಬಣ್ಣವಿಲ್ಲದ ಕುಡಿಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಮೇಲೊಂದು ಮುಚ್ಚಳವಿಡುವುದು. ಎರಡು ದಿನ ಊರಿಗೆ ಹೋಗುವವರಿಗೆ ಇದಕ್ಕಿಂತ ನಂಬಿಕೆಯ ಆಳು ಸಿಗಲಾರದು.

ಬೀಜ ಮೊಳೆಯುವ ಮೊದಲ ದಿನಗಳಲ್ಲಿ ಮಾತ್ರ ಮೇಲಿನಿಂದ ನೀರು ಚಿಮುಕಿಸುವುದು ತಪ್ಪದು; ಆಗ ಮೇಲ್ಪದರ ಆರಬಾರದು. ಅದರ ಪಾಠವನ್ನು ನಾನು ಹುಡುಗನಾಗಿದ್ದಾಗಲೇ ನಿಪ್ಪಾಣಿಯ ಕಡೆಯ ನನ್ನ ಸೋದರಮಾವನ ತಂಬಾಕಿನ ಮಡಿಯಲ್ಲಿ ಕಲಿತು ಮರೆತಿದ್ದೆ. ತಂಬಾಕಿನ ಗುಣದೋಷದ ಚರ್ಚೆ ಇಲ್ಲಿ ಬೇಡ. ಅದರ ಬೀಜ ಧೂಳಿನಷ್ಟು ಸಣ್ಣದು. ಒಂದು ಗ್ರಾಮಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಬೀಜಗಳಿರುತ್ತವೆ. ಮರಳಿನಲ್ಲಿ ಬೆರೆಸಿ ಬಿತ್ತದಿದ್ದರೆ ಕೈಗೆ ಸಿಕ್ಕದು. ನೀರಿನ ಧಾರೆ ಬಿದ್ದರೆ ಕೊಚ್ಚಿಹೋಗುತ್ತದೆ. ಅದಕ್ಕೆ ತಗಡಿನ ಝಾರಿಯಿಂದ, ತುಸುತುಸುವಾಗಿ, ದಿನಕ್ಕೆ ಹಲವು ಸಲ ನೀರು ಕೊಡುತ್ತಿದ್ದರು. ಒಮ್ಮೆ ನಾನು ಝಾರಿಯನ್ನು ಮಡಿಯ ನಡುವೆಯೇ ಬಗ್ಗಿಸಿದಾಗ ಮಾವ ಕೈ ಹಿಡಿದು, “ಮಡೀ ಮ್ಯಾಲ ಸುರು ಮಾಡಬ್ಯಾಡೋ. ಬದುವಿನ ಮ್ಯಾಲ ಸುರು ಮಾಡು, ಆಚೀ ಬದುವಿನ ಮ್ಯಾಲ ಮುಗಸು,” ಎಂದಿದ್ದರು. ಝಾರಿಯ ಮೊದಲ ಹನಿಗಳೂ ಕೊನೆಯ ಹನಿಗಳೂ ದಪ್ಪವಾಗಿರುತ್ತವೆ. ಅವು ಸಸಿಯ ಮೇಲೆ ಬೀಳಬಾರದು. ಇಂದು ನಾನು ಬಾಟಲಿಯ ಬಿರಡೆಗೆ ಕಾಸಿದ ಸೂಜಿಯಿಂದ ಸಣ್ಣ ತೂತುಗಳನ್ನು ಮಾಡಿಕೊಂಡಿದ್ದೇನೆ. ಟ್ರೇಯ ಹೊರಗೆ ಸುರು ಮಾಡುತ್ತೇನೆ, ಹೊರಗೆ ಮುಗಿಸುತ್ತೇನೆ. ಬೆಳಿಗ್ಗೆ ಹಾಕುತ್ತೇನೆ; ಸಂಜೆಯ ನೀರು ರಾತ್ರಿಯೆಲ್ಲ ಸಸಿಯ ಬುಡದಲ್ಲಿ ನಿಂತು ಕೊಳೆಯನ್ನು ಕರೆಯುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ವೃತ್ತಿಯ ಒಂದು ಮಾತನ್ನು ಹೇಳದೆ ಮುಗಿಸಲಾರೆ. ಕನ್ನಡದಲ್ಲಿ ‘ಸಮ’ ಎಂಬ ಮಾತಿದೆ, ‘ಹದ’ ಎಂಬ ಮಾತೂ ಇದೆ. ಸಮವೆಂಬುದು ಕೊಡುವವನ ಕೈಯ ಲೆಕ್ಕ. ಹದವೆಂಬುದು ಪಡೆಯುವ ಮಣ್ಣಿನ ಸ್ಥಿತಿ. ಹೊಲ ಹದಕ್ಕೆ ಬಂತೆಂದು ಒಕ್ಕಲಿಗ ಹೇಳುವುದು ಬಿದ್ದ ಮಳೆಯನ್ನು ಅಳೆದಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ನಾನು ತರಗತಿಯಲ್ಲಿ ಎಂಬತ್ತು ಮಂದಿಗೆ ಒಂದೇ ಪಾಠವನ್ನು, ಒಂದೇ ಅಳತೆಯಲ್ಲಿ, ಪಕ್ಷಪಾತವಿಲ್ಲದೆ ಹೇಳಿದೆನೆಂದು ಹೆಮ್ಮೆಪಟ್ಟವನು. ನಮ್ಮ ಸೀಮೆಯ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಆಡುವ ಹುಡುಗರೂ ಕನ್ನಡ ಆಡುವ ಹುಡುಗರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಗಡಿಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗ ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ ಕುಳಿತಿರುತ್ತಿದ್ದ. ಹಳಗನ್ನಡದ ಪದ್ಯ ಓದಲು ಎಬ್ಬಿಸಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಎರಡು ಸಲ ಕೇಳಿದೆ, ಮೂರನೆಯ ಸಲ ಕೂರಿಸಿ ಮುಂದೆ ಹೋದೆ. ಎರಡನೆಯ ವರ್ಷಕ್ಕೆ ಅವನು ಬರಲಿಲ್ಲ. ನಾನು ಅವನಿಗೆ ಕಡಿಮೆ ಕೊಟ್ಟಿರಲಿಲ್ಲ; ಎಲ್ಲರಿಗೆ ಹಾಕಿದಷ್ಟನ್ನೇ ಹಾಕಿದ್ದೆ. ಕುಡಿದನೋ ಇಲ್ಲವೋ ಎಂದು ಮಣ್ಣು ಮುಟ್ಟಿ ನೋಡಿರಲಿಲ್ಲ. ಅಂಚಿನ ಗುಳಿಯಲ್ಲಿ ಮುರುಟಿದ ಮೆಣಸಿನ ಸಸಿಯನ್ನು ಕಿತ್ತು ಬಿಸಾಡುವಾಗ ನನಗೆ ನೆನಪಾದುದು ಅವನ ಮುಖ. ಈಗ ಅವನನ್ನು ಎಲ್ಲಿ ಹುಡುಕಲಿ?

ವಚನಗಳನ್ನು ವರ್ಷವರ್ಷವೂ ಪಾಠ ಹೇಳಿದವನಿಗೆ, ನೀರನ್ನು ಎಲ್ಲಿಗೆ ಎರೆಯಬೇಕೆಂಬುದು ಹೊಸ ವಿಷಯವೇನಲ್ಲ. ಆದರೆ ಹೇಳುವುದು ಬೇರೆ, ತಿಳಿಯುವುದು ಬೇರೆ. ಹಾಕುವುದು ಬೇರೆ, ಕುಡಿಸುವುದು ಬೇರೆ.

ಆ ವರ್ಷದ ದಸರೆಗೆ ನಮ್ಮ ಘಟದಲ್ಲಿ ಸಸಿ ಒಂದೇ ಎತ್ತರಕ್ಕೆ, ಎಲ್ಲಿಯೂ ಬಯಲು ಬೀಳದಂತೆ ಎದ್ದಿತ್ತು. ಮೊಮ್ಮಗಳು ಒಳಗೆ ಬಂದು ನೋಡಿದಳು, ಏನೂ ಕೇಳಲಿಲ್ಲ. ನಾಲ್ಕು ಸಸಿಗಳನ್ನು ಕಿತ್ತು ನನ್ನ ಟೊಪ್ಪಿಗೆಗೆ ಸಿಕ್ಕಿಸಿದಳು. ಉಳಿದದ್ದರಲ್ಲಿ ಒಂದು ಹಿಡಿಯನ್ನು ತಾನಾಗಿಯೇ ಒಯ್ದು ಅಜ್ಜಿಯ ಭಾವಚಿತ್ರದ ಮುಂದೆ ಇಟ್ಟಳು. ಗಡಿಗೆಯನ್ನು ತೊಳೆದು ಇಟ್ಟಿದ್ದೇನೆ. ಅದರ ಮೈ ಇನ್ನೂ ಬೆವರುತ್ತದೆ.

ನಿಮ್ಮ ಮನೆಯ ಕಿಟಕಿಯಲ್ಲಿಯೂ ಸಸಿಗಳಿದ್ದರೆ, ನಾಳೆ ಬೆಳಿಗ್ಗೆ ತಂಬಿಗೆ ಎತ್ತುವ ಮುನ್ನ ಒಮ್ಮೆ ಮಣ್ಣನ್ನು ಮುಟ್ಟಿ ನೋಡಿರಿ.